ಸ್ಪಿತಿಗೆ ದೊಡ್ಡ ಹೋಟೆಲ್ ಬೇಕಾ?

ಹಿಮಾಚಲದ ಸ್ಪಿತಿ ಕಣಿವೆಗೆ ದೊಡ್ಡ ಹೋಟೆಲುಗಳು ಬಂದರೆ ಅಲ್ಲಿಯವರಿಗೆ ಕೆಲಸ ಸಿಗುತ್ತದೆ ಎಂದು ಬರೆದಿದ್ದೀರಿ. ನನಗೇಕೋ ಒಪ್ಪಿಗೆಯಾಗಲಿಲ್ಲ. ಅಲ್ಲಿ ಮಳೆಯೇ ಅಪರೂಪ. ಹೊಲಕ್ಕೂ ಮನೆಗೂ ಹಿಮ ಕರಗಿದ ನೀರೇ ಗತಿ. ಅದಕ್ಕೇ ಹಳ್ಳಿಮನೆಗಳಲ್ಲಿ ಒಣ ಕಕ್ಕಸು. ನೆಲದಲ್ಲೊಂದು ಕಂಡಿ, ಪಕ್ಕದಲ್ಲಿ ಮಣ್ಣಿನ ರಾಶಿ, ಒಂದು ಸಲಿಕೆ. ಎರಡು ಸಲಿಕೆ ಮಣ್ಣು ಎಳೆದರೆ ಮುಗೀತು. ಅದೇ ಮುಂದೆ ಬಾರ್ಲಿ, ಬಟಾಣಿ ಹೊಲಕ್ಕೆ ಗೊಬ್ಬರ. ನಮ್ಮಂಥವರು ಹೋಗಿ ಫ್ಲಶ್ಶು, ಶವರ್ರು ಅಂತ ಕೂತರೆ ನೀರು ಎಲ್ಲಿಂದ ತರೋದು ಹೇಳಿ?

ಕಿಬ್ಬರ್ ನೋಡಿ, ಸುಮಾರು 4,200 ಮೀಟರ್ ಎತ್ತರದ ಊರು. ಸಾಕಿದ ಪ್ರಾಣಿಗಳನ್ನು ಹಿಡಿಯುವ ಹಿಮಚಿರತೆಯನ್ನೇ ಈಗ ಅಲ್ಲಿಯವರು ಚಳಿಗಾಲದಲ್ಲಿ ಪ್ರವಾಸಿಗರಿಗೆ ತೋರಿಸುತ್ತಾರೆ, ಬಂದವರನ್ನು ತಮ್ಮ ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ. ದುಡ್ಡು ಊರಲ್ಲೇ ಉಳಿಯುತ್ತೆ, ಅಲ್ವಾ?

ಇನ್ನು ತಾಬೋ. 996ರಲ್ಲಿ ಕಟ್ಟಿದ ಮಣ್ಣಿನ ಬೌದ್ಧ ಮಠ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ (ಪುಣ್ಯ!). ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೂ ಸುಮ್ನೆ ನಿಲ್ಲಬೇಕು. ಆಮೇಲೆ ಗೋಡೆಯ ಚಿತ್ರಗಳು ಒಂದೊಂದಾಗಿ ಕಾಣುತ್ತವೆ. ಅಲ್ಲಿಗೆ ಬಸ್ಸುಗಟ್ಟಲೆ ಜನ ಒಟ್ಟಿಗೆ ನುಗ್ಗಿದರೆ ಯಾರಿಗೆ ಏನು ಕಾಣುತ್ತೆ?