ಕಾಮನ್ ಸೆನ್ಸ್ ಯಾವ ದೇಶದ್ದು?

ಕಾಮನ್ ಸೆನ್ಸ್ ಅನ್ನೋ ಮಾತು ನಮ್ಮ ಬಾಯಲ್ಲಿ ಬರುವುದೇ ಅದು ಇಲ್ಲದಿದ್ದಾಗ. ‘ಅಷ್ಟೂ ಕಾಮನ್ ಸೆನ್ಸ್ ಇಲ್ವಾ?’ ಅಂತ ಬೈಯುತ್ತೇವೆ. ಅದು ಇದೆ ಅಂತ ಯಾರಾದರೂ ಹೊಗಳಿದ್ದನ್ನು ನಾನಂತೂ ಕೇಳಿಲ್ಲ. ಕನ್ನಡದಲ್ಲಿ ಹೇಳೋಣ ಅಂದರೆ ಪದವೂ ಕೈಕೊಡುತ್ತದೆ. ‘ಸಾಮಾನ್ಯ ಜ್ಞಾನ’ ಅಂದ ಕೂಡಲೇ ಕ್ವಿಜ್ ನೆನಪಾಗುತ್ತದೆ, ದೇಶಗಳ ರಾಜಧಾನಿ, ನದಿಗಳ ಉದ್ದ. ಅದರಲ್ಲಿ ನೂರಕ್ಕೆ ನೂರು ತೆಗೆದವರೇ ಲಿಫ್ಟಿನ ಬಾಗಿಲಿಗೆ ಅಡ್ಡ ನಿಂತಿರುತ್ತಾರೆ. ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಅಂತಾರಲ್ಲ, ಆ ಮುಕ್ಕಾಲೇ ಇದು ಅಂತ ನನ್ನ ಲೆಕ್ಕ.

ಅಮೆರಿಕಕ್ಕೆ ಬಂದ ಮೊದಲ ವಾರ ನನ್ನ ಮುಕ್ಕಾಲೂ ಕೆಲಸಕ್ಕೆ ಬರಲಿಲ್ಲ. ರಸ್ತೆಗೆ ಇಳಿಯುವ ಮುಂಚೆ ಬಲಕ್ಕೆ ನೋಡಿದೆ. ಖಾಲಿ ಇತ್ತು, ಹೆಜ್ಜೆ ಇಟ್ಟೆ. ಇಲ್ಲಿ ಗಾಡಿಗಳು ಓಡುವುದು ಬಲಗಡೆ. ಹಾಗಾಗಿ ನಮ್ಮ ಪಕ್ಕದಲ್ಲಿ ಹಾದು ಹೋಗುವ ಗಾಡಿ ಬರುವುದು ಎಡದಿಂದ. ಬ್ರೇಕ್ ಒತ್ತಿದವನು ಗಾಜು ಇಳಿಸಿ ಏನೋ ಅಂದ. ಸರಿಯಾಗಿ ಕೇಳಿಸಲಿಲ್ಲ, ಆದರೆ ಅರ್ಥವಾಯಿತು. ಮನೆಗೆ ಬಂದು ಸ್ವಿಚ್ ಕೆಳಗೆ ಒತ್ತಿದರೆ ದೀಪ ಹತ್ತಲಿಲ್ಲ. ಬಲ್ಬ್ ಹೋಗಿದೆ ಅಂದುಕೊಂಡೆ. ಇಲ್ಲಿ ಸ್ವಿಚ್ ಮೇಲಕ್ಕೆ ಒತ್ತಬೇಕಂತೆ!

ಆಗ ಅನ್ನಿಸಿತು, ನಾವು ಬುದ್ಧಿ ಅಂತ ಕರೆಯುವುದರಲ್ಲಿ ಅರ್ಧ ಬರೀ ಕೈಕಾಲಿನ ರೂಢಿ. ಸ್ವೀಡನ್ನಿನವರನ್ನೇ ನೋಡಿ. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ 5 ಗಂಟೆಗೆ ಇಡೀ ದೇಶದ ಗಾಡಿ ಓಡಾಟ ಎಡಗಡೆಯಿಂದ ಬಲಗಡೆಗೆ ಬದಲಾಯಿತು. ಹಿಂದಿನ ದಿನದ ಕಾಮನ್ ಸೆನ್ಸ್ ಮಾರನೇ ದಿನ ಅಪಘಾತಕ್ಕೆ ದಾರಿ. ಅವತ್ತು ತಪ್ಪು ಮಾಡಿದವರನ್ನು ದಡ್ಡರು ಅನ್ನೋಕಾಗುತ್ತಾ?

ಹಾಗಂತ ಎಲ್ಲವನ್ನೂ ರೂಢಿಯ ತಲೆಗೆ ಕಟ್ಟಲು ನಾನು ತಯಾರಿಲ್ಲ. ಎಸ್ಕಲೇಟರಿನಿಂದ ಇಳಿದ ತಕ್ಷಣ ಅಲ್ಲೇ ನಿಂತು ಫೋನ್ ನೋಡುವವರು ಅಲ್ಲೂ ಇದ್ದರು, ಇಲ್ಲೂ ಇದ್ದಾರೆ. ಹಿಂದೆ ಬರುವವರನ್ನು ಮೆಟ್ಟಿಲು ತಾನಾಗಿ ತಳ್ಳಿಕೊಂಡು ಬರುತ್ತದೆ, ಅವರಿಗೆ ನಿಲ್ಲೋಕೆ ಜಾಗ ಬೇಡವಾ? ಇದಕ್ಕೆ ಯಾವ ದೇಶದ ನಿಯಮವೂ ಬೇಕಿಲ್ಲ. ಒಂದು ಸಲ ಹಿಂದೆ ತಿರುಗಿ ನೋಡಿದರೆ ಸಾಕು. ಇಂಥವರ ಮೇಲೆ ಮಾತ್ರ ನನಗೆ ಈಗಲೂ ಸಿಟ್ಟು ಬರುತ್ತದೆ. ಹೊಸದಾಗಿ ಬಂದವರು ತಡವರಿಸಿದರೆ ಬರಲ್ಲ. ಅವರಿಗೆ ಹೇಳಿಕೊಡಬೇಕು, ಅಷ್ಟೇ. ಹೇಳಿಕೊಡುವುದು ಬಿಟ್ಟು ‘ಇಷ್ಟೂ ಗೊತ್ತಿಲ್ವಾ’ ಅನ್ನುವವರು ಎರಡೂ ಕಡೆ ಜಾಸ್ತಿ.

ಕಳೆದ ರಜೆಗೆ ಊರಿಗೆ ಹೋಗಿದ್ದಾಗ ತಂಗಿಯ ಜೊತೆ ರಸ್ತೆ ದಾಟುತ್ತಿದ್ದೆ. ಎಡಕ್ಕೆ ನೋಡಿ ಕಾಲಿಟ್ಟೆ. ಅವಳು ಅಂಗಿ ಹಿಡಿದು ಎಳೆದಳು. “ಏನಣ್ಣಾ, ಕಾಮನ್ ಸೆನ್ಸ್ ಅಲ್ಲೇ ಬಿಟ್ಟು ಬಂದ್ಯಾ?”