1875ರ ಸೂಯೆಜ್ ಷೇರು ಖರೀದಿ: ಒಂದು ಸ್ಪಷ್ಟನೆ
1875ರಲ್ಲಿ ಬ್ರಿಟನ್ ಸರ್ಕಾರ ಸೂಯೆಜ್ ಕಾಲುವೆಯನ್ನೇ ಕೊಂಡುಕೊಂಡಿತೆಂಬ ಹೇಳಿಕೆ ಹರಿದಾಡುತ್ತಿದೆ, ಅದು ಸರಿಯಲ್ಲ. ಸಾಲದಲ್ಲಿ ಮುಳುಗಿದ್ದ ಈಜಿಪ್ಟಿನ ಖೆದೀವ್ (ಅಲ್ಲಿನ ಆಡಳಿತಗಾರನ ಬಿರುದು) ಇಸ್ಮಾಯಿಲ್ ಮಾರಿದ್ದು ಕಾಲುವೆ ಕಂಪನಿಯ 4,00,000 ಷೇರುಗಳ ಪೈಕಿ 1,76,602 ಷೇರುಗಳನ್ನು, ಅಂದರೆ ಸುಮಾರು ಶೇ. 44ರಷ್ಟನ್ನು ಮಾತ್ರ, ಅದಕ್ಕೆ ಬೇಕಾದ ಸುಮಾರು 40 ಲಕ್ಷ ಪೌಂಡನ್ನು ಪ್ರಧಾನಿ ಡಿಸ್ರೇಲಿ, ಪಾರ್ಲಿಮೆಂಟು ಸೇರುವವರೆಗೆ ಕಾಯದೆ, ಲಂಡನ್ನಿನ ರಾತ್‌ಶೀಲ್ಡ್ ಬ್ಯಾಂಕಿನಿಂದ ಶೇ. 2.5ರ ಕಮಿಷನ್ನಿಗೆ ಎತ್ತಿದರು. ಬಹುಪಾಲು ಷೇರುಗಳು ಫ್ರೆಂಚ್ ಹೂಡಿಕೆದಾರರಲ್ಲೇ ಉಳಿದವು. ಇನ್ನೂ ವಿಚಿತ್ರವೆಂದರೆ, ಮಾರಿದ ಷೇರುಗಳ ಲಾಭಾಂಶವನ್ನು ಖೆದೀವ್ ಮೊದಲೇ 1894ರವರೆಗೆ ಬಿಟ್ಟುಕೊಟ್ಟಿದ್ದರಿಂದ, ಅಲ್ಲಿಯವರೆಗೆ ಖರೀದಿ ಮೊತ್ತದ ಮೇಲೆ ಶೇ. 5ರ ಬಡ್ಡಿಯನ್ನು ಈಜಿಪ್ಟೇ ಬ್ರಿಟನ್ನಿಗೆ ಕಟ್ಟಬೇಕಾಯಿತು. 1882ರಲ್ಲಿ ಬ್ರಿಟಿಷ್ ಸೇನೆ ಈಜಿಪ್ಟನ್ನು ಆಕ್ರಮಿಸಿದ್ದನ್ನು ಈ ಖರೀದಿಯೊಂದಿಗೆ ಬೆರೆಸಿದ್ದರಿಂದ ಗೊಂದಲ ಹುಟ್ಟಿರಬಹುದು. ಆದರೆ ಆ ಬಳಿಕವೂ, 1956ರಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ರಾಷ್ಟ್ರೀಕರಿಸುವವರೆಗೆ, ಕಾಲುವೆಯನ್ನು ನಡೆಸುತ್ತಿದ್ದುದು ಅದೇ ಕಂಪನಿ.