ಪೆಟ್ಟಿಗೆಯಿಂದ ಮತ್ತೆ ಹೊರಬರುವ ಬಟ್ಟೆ

ಜಪಾನಿನ ಕೋಬೆ ನಗರಕ್ಕೆ ಬಂದ ಮೊದಲ ವರ್ಷ, ಜೂನ್ 1ರ ಬೆಳಗಿನ ರೈಲಿನಲ್ಲಿ ಶಾಲೆಯ ಮಕ್ಕಳೆಲ್ಲ ಒಮ್ಮೆಲೇ ಬಿಳಿ ಅಂಗಿಗಳಲ್ಲಿ ಕಾಣಿಸಿಕೊಂಡರು. ಹಿಂದಿನ ದಿನದವರೆಗೂ ಅವರು ಕಡುನೀಲಿ ಕೋಟಿನಲ್ಲಿದ್ದರು. ಕೇಳಿದಾಗ ಸಹೋದ್ಯೋಗಿಯೊಬ್ಬರು ‘ಕೊರೊಮೊಗಾಯೆ’ ಎಂದರು. ಬಟ್ಟೆ ಬದಲಿಸುವ ದಿನ. ಸುಮಾರು ಸಾವಿರ ವರ್ಷ ಹಿಂದಿನ ಹೆಯಾನ್ ಕಾಲದ ಅರಮನೆಯಿಂದ ಬಂದ ಪದ್ಧತಿಯಂತೆ. ಜೂನ್ 1ಕ್ಕೆ ಬೇಸಿಗೆಯ ಉಡುಪು, ಅಕ್ಟೋಬರ್ 1ಕ್ಕೆ ಚಳಿಯದು. ಕಿಮೊನೊ ಉಡುವವರ ಲೆಕ್ಕ ಇನ್ನೂ ಸೂಕ್ಷ್ಮ. ಅಕ್ಟೋಬರ್‌ನಿಂದ ಮೇವರೆಗೆ ಲೈನಿಂಗ್ ಇರುವುದು, ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಲೈನಿಂಗ್ ಇಲ್ಲದ್ದು, ಜುಲೈ, ಆಗಸ್ಟ್‌ನಲ್ಲಿ ಗಾಳಿಯಾಡುವ ಜಾಳು ನೇಯ್ಗೆಯದು. ಈಚಿನ ವರ್ಷಗಳಲ್ಲಿ ಸೆಕೆ ಬೇಗ ಏರುವುದರಿಂದ ಈ ಗಡುವುಗಳು ಸಡಿಲವಾಗಿವೆ.

ಅಂದು ರೈಲಿನಲ್ಲಿ ಇದ್ದವರು ಹೊಸ ಬಟ್ಟೆ ಕೊಂಡವರಲ್ಲ, ಕಳೆದ ವರ್ಷ ಮಡಚಿಟ್ಟದ್ದನ್ನು ಹೊರತೆಗೆದವರು. ಫ್ಯಾಷನ್ ಲೋಕವೂ ಋತುವಿನ ಮಾತನ್ನೇ ಆಡುತ್ತದೆ: ವಸಂತ‑ಬೇಸಿಗೆ ಒಂದು ಸಂಗ್ರಹ, ಶರತ್ಕಾಲ‑ಚಳಿಗಾಲ ಇನ್ನೊಂದು. ಆದರೆ ಅಲ್ಲಿ ಋತು ಬಂತೆಂದರೆ ಹಿಂದಿನದು ಹಳತಾಯಿತು ಎಂದು ಅರ್ಥ. ಒಂದೇ ಪದಕ್ಕೆ ಇಷ್ಟು ಎದುರುಬದುರಾದ ಎರಡು ಅರ್ಥಗಳಿರುವುದು ನನ್ನನ್ನು ಬಹಳ ಕಾಲ ಕಾಡಿತು. ಇಲ್ಲಿನ ಸಣ್ಣ ಸ್ವತಂತ್ರ ಬ್ರ್ಯಾಂಡ್‌ಗಳನ್ನು ಹುಡುಕಿಕೊಂಡು ಹೋಗುವ ಹುಚ್ಚು ನನಗೆ ಹಿಡಿದದ್ದೂ ಅದರಿಂದಲೇ.

ಇಂಥ ಬ್ರ್ಯಾಂಡ್‌ಗಳು ದೊಡ್ಡ ಜಾಹೀರಾತಿನಿಂದ ಸಿಗುವುದಿಲ್ಲ. ಅವರು ಋತುವಿಗೆ ಸುಮಾರು ಆರು ತಿಂಗಳು ಮೊದಲೇ ಮಾದರಿ ಉಡುಪುಗಳ ಪ್ರದರ್ಶನ ಇಡುತ್ತಾರೆ. ಅಂಗಡಿಗಳವರು ಬಂದು ನೋಡಿ, ಮುಟ್ಟಿ, ಇಷ್ಟು ಬೇಕು ಎಂದು ಬರೆಸುತ್ತಾರೆ. ಬರೆಸಿದಷ್ಟಕ್ಕೆ ಬಟ್ಟೆ ನೇಯಿಸಿ ಹೊಲಿಸುತ್ತಾರೆ. ಕೆಲವರು ಗ್ರಾಹಕರಿಗೂ ಬಾಗಿಲು ತೆರೆದು ಮುಂಗಡ ಪಡೆಯುತ್ತಾರೆ. ಮಾರಾಟವಾಗದೆ ರಾಶಿ ಬೀಳುವ ಸರಕು ಇದರಿಂದ ತೀರಾ ಕಡಿಮೆ. ನಾನು ಅಂಗಡಿಗೆ ಹೋದರೆ ಮೊದಲು ನೋಡುವುದು ಉಡುಪಿಗೆ ತೂಗುಹಾಕಿದ ಚೀಟಿಯನ್ನು. ನೂಲು ಎಲ್ಲಿಯದು, ನೇಯ್ದ ಊರು ಯಾವುದು ಎಂದು ಅದರಲ್ಲಿ ಇದ್ದರೆ ಮುಂದಿನ ಮಾತು.

ನನಗೆ ಅತ್ಯಂತ ಇಷ್ಟವಾದದ್ದು ಮಿನಾ ಪೆರ್ಹೊನೆನ್. ಅಕಿರಾ ಮಿನಾಗಾವಾ 1995ರಲ್ಲಿ ಆರಂಭಿಸಿದ ಸಂಸ್ಥೆ. ಅವರು ಉಡುಪಿಗೆ ಕೈಹಾಕುವ ಮೊದಲು ಬಟ್ಟೆಯನ್ನೇ ರೂಪಿಸುತ್ತಾರೆ. ಚಿತ್ತಾರ ಬರೆದು ಜಪಾನಿನ ನೇಯ್ಗೆ, ಕಸೂತಿ, ಮುದ್ರಣದ ಕಾರ್ಖಾನೆಗಳ ಜೊತೆ ಕೂತು ಮಾಡಿಸುತ್ತಾರೆ. ‘ಟ್ಯಾಂಬೊರೀನ್’ ಎಂಬ ಅವರ ಚಿತ್ತಾರದಲ್ಲಿ 25 ಪುಟ್ಟ ಕಸೂತಿ ಚುಕ್ಕಿಗಳು ವೃತ್ತವಾಗಿ ನಿಂತಿರುತ್ತವೆ, ಕೈಯಲ್ಲಿ ಬರೆದಂತೆ ಒಂದೊಂದೂ ಸ್ವಲ್ಪ ಬೇರೆ. ಎರಡು ದಶಕಗಳಿಂದ ಅದೇ ಚಿತ್ತಾರ ಬಣ್ಣ ಬದಲಿಸಿ ಮತ್ತೆ ಮತ್ತೆ ಬರುತ್ತಿದೆ, ಕೋಟಿನ ಮೇಲೆ, ಚೀಲದ ಮೇಲೆ, ಕುರ್ಚಿಯ ಹೊದಿಕೆಯ ಮೇಲೆ. ಅವರಲ್ಲಿ ಹಿಂದಿನ ಋತುಗಳ ಉಡುಪುಗಳನ್ನೇ ಮಾರುವ ಅಂಗಡಿಯೂ ಇದೆ. 2019ರ ಕೊನೆಯಲ್ಲಿ ಟೋಕಿಯೋದ ಸಮಕಾಲೀನ ಕಲಾ ಸಂಗ್ರಹಾಲಯದಲ್ಲಿ ಈ ಸಂಸ್ಥೆಯ ಪ್ರದರ್ಶನ ನಡೆದಾಗ ಅದಕ್ಕಿಟ್ಟ ಹೆಸರು ‘ತ್ಸುಝುಕು’, ಅಂದರೆ ಮುಂದುವರಿಯುವುದು. ಕ್ಯೋಟೊದ ಮಿತ್ತಾನ್ ಎಂಬ ಇನ್ನೊಂದು ಸಣ್ಣ ಸಂಸ್ಥೆ ಋತುವಿನ ಸಂಗ್ರಹವನ್ನೇ ಕೈಬಿಟ್ಟಿದೆ. ತಾನು ಮಾರಿದ ಉಡುಪನ್ನು ತಾನೇ ಮರಳಿ ಕೊಂಡು, ಸರಿಪಡಿಸಿ ಮತ್ತೆ ಮಾರುತ್ತದೆ.

ಇದನ್ನೆಲ್ಲ ಓದಿ ಜಪಾನ್ ಎಂದರೆ ಹೀಗೆಯೇ ಎಂದು ಯಾರೂ ಅಂದುಕೊಳ್ಳಬಾರದು. ಇಲ್ಲಿ ಮಾರಾಟವಾಗುವ ಉಡುಪುಗಳಲ್ಲಿ, ಸಂಖ್ಯೆಯ ಲೆಕ್ಕದಲ್ಲಿ, ನೂರಕ್ಕೆ 97ಕ್ಕೂ ಹೆಚ್ಚು ಹೊರದೇಶಗಳಿಂದ ಬಂದವು. ನಾನು ಹೇಳುತ್ತಿರುವುದು ಉಳಿದ ಸಣ್ಣ ಮೂಲೆಯ ಕಥೆ. ಅದರ ಬೆಲೆಯೂ ಎಲ್ಲರ ಕೈಗೆಟುಕುವಂಥದ್ದಲ್ಲ.

ಕಳೆದ ವರ್ಷ ಅವ್ವ ಬಂದಾಗ ಅವಳನ್ನು ನಿಶಿವಾಕಿಗೆ ಕರೆದುಕೊಂಡು ಹೋದೆ. ನಮ್ಮ ಹ್ಯೋಗೊ ಪ್ರಾಂತ್ಯದ್ದೇ ಊರು. ಅಲ್ಲಿನ ‘ಬಾನ್‌ಶು‑ಒರಿ’ ಎಂಬ ಹತ್ತಿಬಟ್ಟೆಯಲ್ಲಿ ಮೊದಲು ನೂಲಿಗೆ ಬಣ್ಣ, ಆಮೇಲೆ ನೇಯ್ಗೆ. 1792ರಲ್ಲಿ ದೇಗುಲ ಕಟ್ಟುವ ಬಡಗಿಯೊಬ್ಬ ಕ್ಯೋಟೊದಿಂದ ಮಗ್ಗದ ವಿದ್ಯೆ ತಂದನೆಂದು ಊರಿನವರು ಹೇಳುತ್ತಾರೆ. ಯುದ್ಧಾನಂತರ ಒಂದು ಕಾಲವಿತ್ತು, ‘ಗಾಚಾಮಾನ್’ ಎನ್ನುತ್ತಿದ್ದರು: ಮಗ್ಗ ಒಮ್ಮೆ ಗಾಚಾ ಎಂದರೆ ಒಂದು ಮಾನ್, ಅಂದರೆ ಹತ್ತು ಸಾವಿರ ಯೆನ್ ಸಂಪಾದನೆ. 1985ರ ಬಳಿಕ ಯೆನ್ ಬೆಲೆ ಏರಿ, ರಫ್ತು ಕುಸಿದು, ಮಗ್ಗಗಳು ಒಂದೊಂದಾಗಿ ನಿಂತವು. ಆ ಊರಿಗೆ ಬಂದು ನೆಲೆಸಿದ ತಮಾಕಿ ನೀಮೆ ಎಂಬ ವಿನ್ಯಾಸಕಿ ಹಳೆಯ ಮಗ್ಗಗಳನ್ನೇ ನಿಧಾನವಾಗಿ ಓಡಿಸಿ ಮೃದುವಾದ ಶಾಲುಗಳನ್ನು ನೇಯುತ್ತಾರೆ, ಒಂದರಂತೆ ಇನ್ನೊಂದಿಲ್ಲ. ಹತ್ತಿಯನ್ನೂ ಅವರ ಬಳಗ ತಾನೇ ಬೆಳೆಯಲು ತೊಡಗಿದೆ. ಅಂಗಡಿಯ ಜೊತೆಗೇ ಮಗ್ಗದ ಮನೆಯೂ ಇದೆ.

ಅವ್ವನ ತವರು ಗುಳೇದಗುಡ್ಡ. ಅವಳು ಶಾಲನ್ನು ಕೈಗೆತ್ತಿಕೊಂಡವಳೇ ಮಗುಚಿ ಹಿಂಬದಿ ನೋಡಿದಳು. ಬೆರಳಿನಿಂದ ಅಂಚು ಉಜ್ಜಿದಳು. “ನೇಯ್ಗೆ ಬಿಗಿ ಇಲ್ಲ, ಬೇಕೆಂದೇ ಸಡಿಲ ಬಿಟ್ಟಿದ್ದಾರೆ. ನೂಲು ಚೆನ್ನಾಗಿದೆ” ಎಂದಳು. ನಾನು ಅನುವಾದಿಸಿದಾಗ ಅಂಗಡಿಯ ಹುಡುಗಿ ತಲೆಬಾಗಿ, “ತಾಯಿಯವರು ನೇಕಾರರೇ?” ಎಂದು ಕೇಳಿದಳು. ಅವ್ವ ಮಗ್ಗದಲ್ಲಿ ಕೂತವಳಲ್ಲ. ಆದರೆ ಓಣಿಯ ತುಂಬ ಮಗ್ಗದ ಸದ್ದು ಕೇಳುತ್ತ ಬೆಳೆದವಳು. ಮರಳುವ ರೈಲಿನಲ್ಲಿ ಅವಳು ತನ್ನೂರಿನ ರವಿಕೆ ಬಟ್ಟೆಯಾದ ಖಣದ ಚಿತ್ತಾರಗಳ ಹೆಸರು ಹೇಳುತ್ತ ಹೋದಳು: ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ, ತುಳಸಿ ಎಲೆ. ಇಳಕಲ್ ಸೀರೆಯ ಹತ್ತಿಯ ಒಡಲಿಗೂ ರೇಷ್ಮೆಯ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಬಗೆಯನ್ನು ಬೆರಳು ಹೆಣೆದು ತೋರಿಸಿದಳು. ಬಣ್ಣ ಬದಲಿಸಿಕೊಂಡು ತಲೆಮಾರುಗಳ ಕಾಲ ಬರುತ್ತಿರುವ ಚಿತ್ತಾರ ಅಂದರೆ ಇದೇ ತಾನೇ! ನಾನು ಟೋಕಿಯೋದವರೆಗೆ ಹೋಗಿ ಟಿಕೆಟ್ ಕೊಂಡು ನೋಡಿದ್ದು ಅವ್ವನ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ವಾಸನೆಯೊಡನೆ ಮೊದಲಿನಿಂದಲೂ ಇತ್ತು.

ನಮ್ಮಲ್ಲಿ ಉಡುಪಿಗೆ ಹಬ್ಬವೇ ಋತು. ಯುಗಾದಿ, ಗೌರಿ ಹಬ್ಬ, ದೀಪಾವಳಿ, ಮನೆಯ ಮದುವೆ. ಆಷಾಢದಲ್ಲಿ ಮದುವೆಗಳಿಲ್ಲದೆ ವ್ಯಾಪಾರ ತಣ್ಣಗಿರುವುದರಿಂದ ಆಷಾಢದ ರಿಯಾಯಿತಿ ಮಾರಾಟ ಬಂತು. ವಿನ್ಯಾಸಕಾರರೂ ಇದ್ದರು, ಬೀದಿಯ ತುದಿಯ ದರ್ಜಿಗಳು. ಬಟ್ಟೆ ಒಂದು ಊರಿನದು, ಹೊಲಿಗೆ ನಮ್ಮ ಓಣಿಯದು, ಅಳತೆ ನಮ್ಮದೇ. ತೋಳು ಬಿಗಿಯಾದರೆ ಬಿಚ್ಚಿ ಹೊಲಿಯಲು ಒಳಗೆ ಬಟ್ಟೆ ಬಿಟ್ಟಿರುತ್ತಿದ್ದರು. ಆ ಬಿಟ್ಟ ಎರಡು ಬೆರಳು ಬಟ್ಟೆಯಷ್ಟು ದೊಡ್ಡ ಭರವಸೆಯನ್ನು ನಾನು ಯಾವ ಸಿದ್ಧ ಉಡುಪಿನಲ್ಲೂ ಕಂಡಿಲ್ಲ. ಜಪಾನಿನ ಸಣ್ಣ ಬ್ರ್ಯಾಂಡ್‌ಗಳು ಈಗ ಹೊಸದಾಗಿ ಕಟ್ಟುತ್ತಿರುವ ಸಂಬಂಧ ನಮಗೆ ಬಳುವಳಿಯಾಗಿ ಬಂದಿತ್ತು, ನಾವು ಅದನ್ನು ಕಣ್ಣೆದುರೇ ಕಳೆದುಕೊಳ್ಳುತ್ತಿದ್ದೇವೆ.

ಒಂದು ವಿಷಯದಲ್ಲಿ ಮಾತ್ರ ನಾವು ಮೊದಲಿನಿಂದಲೂ ತಪ್ಪಿದೆವು. ನಮ್ಮ ಬಟ್ಟೆಗೆ ಊರಿನ ಹೆಸರಿದೆ: ಇಳಕಲ್, ಮೊಳಕಾಲ್ಮೂರು, ಗುಳೇದಗುಡ್ಡ. ನೇಯ್ದವರ ಹೆಸರಿಲ್ಲ. ಊರಿನ ಹೆಸರನ್ನು ಯಾರು ಯಾರೋ ಎರವಲು ಪಡೆಯುತ್ತಾರೆ. ವಿದ್ಯುತ್ ಮಗ್ಗದ ಪಾಲಿಯೆಸ್ಟರ್ ಕೂಡ ಇಳಕಲ್ ಎಂದೇ ಮಾರಾಟವಾಗುತ್ತದೆ. ಹಾಗಾಗದಂತೆ ಪ್ರಯತ್ನಿಸಿದವರೂ ಇದ್ದಾರೆ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ‘ಚರಕ’ ಮಹಿಳೆಯರ ಸಹಕಾರ ಸಂಘ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಬಣ್ಣ ತೆಗೆದು, ಅಲ್ಲೇ ನೇಯ್ದು, ಅಲ್ಲೇ ಹೊಲಿದು, ‘ದೇಸಿ’ ಅಂಗಡಿಗಳ ಮೂಲಕ ಮಾರುವ ವ್ಯವಸ್ಥೆ. ನನ್ನ ಬಳಿ ಇರುವ ಚೊಗರಿನ ಬಣ್ಣದ ಜುಬ್ಬ ಒಗೆದಷ್ಟೂ ಮೆತ್ತಗಾಗಿ, ಬಣ್ಣ ಮಾಸದೆ ಮಾಗಿದೆ. ಕೋಬೆಯ ಯಾವ ಅಂಗಡಿಯಲ್ಲಿಟ್ಟರೂ ಅದು ತಲೆಯೆತ್ತಿ ನಿಲ್ಲುತ್ತದೆ. ಇಂಥ ಸಂಘವೂ ಹಣದ ಮುಗ್ಗಟ್ಟಿಗೆ ಸಿಲುಕಿತ್ತೆಂಬುದು ನನಗೆ ಇಂದಿಗೂ ನೋವಿನ ಸಂಗತಿ. ಊರಿಗೆ ಹೋದಾಗ ಮಾಲ್‌ನಲ್ಲಿ ಹತ್ತು ಚೀಲ ತುಂಬಿಕೊಳ್ಳುವ ನಮ್ಮಂಥ ಹೊರನಾಡಿನವರು ಇಂಥ ಸಂಘದಿಂದ ಎರಡು ಜುಬ್ಬ, ಒಂದು ಸೀರೆ ಕೊಳ್ಳಬಾರದೇ?

ಅವ್ವ ಹೊರಡುವ ಮೊದಲು ತ್ರಿಕೋನವಾಗಿ ಮಡಚಿದ ಮೂರು ಖಣಗಳನ್ನು ನನ್ನ ಕೈಗಿಟ್ಟಳು. ಅವನ್ನು ಜೋಡಿಸಿ ಕುತ್ತಿಗೆಪಟ್ಟಿ ಇಲ್ಲದ ತೆಳು ಜಾಕೆಟ್ ಹೊಲಿದುಕೊಡಲು ನಮ್ಮ ಬೀದಿಯಲ್ಲಿ ಒಬ್ಬಳೇ ಹೊಲಿಯುವ ಹೆಂಗಸಿಗೆ ಕೊಟ್ಟೆ. ಅಳತೆ ತೆಗೆದುಕೊಂಡ ಮೇಲೆ ಆಕೆ ಪುಸ್ತಕ ತೆರೆದು ಕೇಳಿದಳು: ಯಾವ ಊರಿನ ಬಟ್ಟೆ, ಚಿತ್ತಾರದ ಹೆಸರೇನು, ನೇಯ್ದವರು ಯಾರು. ಮೊದಲ ಎರಡಕ್ಕೆ ಉತ್ತರ ಕೊಟ್ಟೆ. ಆಕೆ ಕತಾಕನ ಲಿಪಿಯಲ್ಲಿ ‘ಗುಳೇದಗುಡ್ಡ’ ಎಂದು ಎರಡು ಸಲ ಬರೆದು ಉಚ್ಚಾರ ಸರಿಯೇ ಎಂದು ಓದಿ ತೋರಿಸಿದಳು. ಮೂರನೆಯದಕ್ಕಾಗಿ ಆ ರಾತ್ರಿಯೇ ಊರಿಗೆ ಫೋನ್ ಮಾಡಿದೆ. “ತಡಿ, ನಾಳೆ ಓಣಿಯಲ್ಲಿ ಕೇಳಿ ಹೇಳುತ್ತೇನೆ” ಎಂದಳು ಅವ್ವ.